ಹೇಳಿ ಕಳಿಸುತ್ತೇವೆ

ನಮ್ಮ ಭೂಗೋಳದ ಮೇಡಂ ಅವರ ಎಡದವಡೆಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು. ಪಾಠ ಮಾಡುವಾಗ ಅದು ಅಲುಗುತ್ತಿರಲಿಲ್ಲ. ನಗು ಬಂದರೆ ಬಲದವಡೆಗೆ ವರ್ಗವಾಗುತ್ತಿತ್ತು. ಸಿಟ್ಟು ಬಂದಾಗ ಮಾತ್ರ ಹಲ್ಲುಗಳ ನಡುವೆ ಬಂದು 'ಕಟ್' ಎಂದು ಮುರಿಯುತ್ತಿತ್ತು. ಸದ್ದು ದೊಡ್ಡದೇನಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ಅದು ಕೇಳಿಸಿದ ಕೂಡಲೇ ಒಬ್ಬರಿಗೆ ಗ್ರಂಥಾಲಯದ ಕೆಲಸ ನೆನಪಾಗುತ್ತಿತ್ತು, ಇನ್ನೊಬ್ಬರಿಗೆ ಮನೆಯಲ್ಲಿ ಮುಗಿದುಹೋದ ಗ್ಯಾಸ್ ಸಿಲಿಂಡರ್ ನೆನಪಾಗುತ್ತಿತ್ತು. ನಾನು ಕನ್ನಡ ವಿಭಾಗದವನು, ಆಗಿನ್ನೂ ಹೊಸಬ, ನನ್ನ ಕುರ್ಚಿ ಅವರ ಬಾಜೂಕೇ ಗೋಡೆಗೆ ಒತ್ತಿಕೊಂಡಿತ್ತು. ಪಲಾಯನದ ಸೌಲಭ್ಯ ನನಗಿರಲಿಲ್ಲ. ಹೀಗಾಗಿ ಎರಡು ಸಾವಿರದ ಇಸವಿಯ ಆಚೀಚೆ ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ಮುರಿದ ಲವಂಗಗಳ ಕಾರಣ ಮತ್ತು ಪರಿಣಾಮಗಳನ್ನು ಹತ್ತಿರದಿಂದ ಬಲ್ಲವರು ಯಾರಾದರೂ ಉಳಿದಿದ್ದರೆ ಅದು ನಾನೇ.

ಆ ಲವಂಗವನ್ನು ಅವರು ರವಿವಾರ ಪೇಟೆಯ ಒಂದೇ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಸಗಟು ವ್ಯಾಪಾರದ ಬೀದಿ. ಚೀಲಗಟ್ಟಲೆ ಕೊಳ್ಳುವವರ ನಡುವೆ ಇವರು ಹೋಗಿ ನಿಂತು, ಒಂದು ಲವಂಗ ಎತ್ತಿ ಕಚ್ಚಿ ನೋಡಿ, ಮಾಲನ್ನು ಮರಾಠಿಯಲ್ಲಿ ಹೊಗಳಿ, ಬೆಲೆಯನ್ನು ಕನ್ನಡದಲ್ಲಿ ಇಳಿಸಿ, ಒಂದು ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದರು. ಎರಡೂ ಅವರ ಮನೆಯ ಭಾಷೆಗಳೇ. ಶಿವಬಸವ ನಗರದಲ್ಲಿ ತಮ್ಮನ ಮನೆಯ ಮಾಳಿಗೆಯ ಮೇಲೆ ಅವರದೊಂದು ಕೋಣೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಒಮ್ಮೆ ಅವರೇ ಹೇಳಿದರು, ನನಗಲ್ಲ, ಒಬ್ಬ ದನಗಾಹಿಗೆ. ಆ ಪ್ರಸಂಗ ಮುಂದೆ ಬರುತ್ತದೆ.

ತರಗತಿಯಲ್ಲಿ ಅವರು ಹುಡುಗರನ್ನು ನಂಬರಿನಿಂದಲೂ ಕರೆಯುತ್ತಿರಲಿಲ್ಲ, ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಊರಿನಿಂದ ಕರೆಯುತ್ತಿದ್ದರು. "ಏ ನಂದಗಡ, ಎದ್ದ ನಿಲ್ಲು." "ಲೋಂಡಾ ಇವತ್ತೂ ನಿದ್ದಿ ಮಾಡತೈತಿ, ಬಾಜೂಕ ಇದ್ದವರು ಒಂದ ತಿವೀರಿ." ಪೇಟೆಯೊಳಗಿನ ಸದಾಶಿವನಗರ ಬಡಾವಣೆಯ ಹುಡುಗರು ಮೊದಮೊದಲು ಇದನ್ನು ಅಪಮಾನ ಎಂದುಕೊಂಡರು. ಖಾನಾಪುರದ ಕಡೆಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬರುವ ಹುಡುಗರು ಮಾತ್ರ ತಮ್ಮ ಊರಿನ ಹೆಸರು ಕಾಲೇಜಿನ ಗೋಡೆಗಳಿಗೆ ಬಡಿದು ಮರಳಿ ಬರುವುದನ್ನು ಕೇಳಿ ನೆಟ್ಟಗೆ ಕೂಡುತ್ತಿದ್ದರು. ಯಾವುದಾದರೂ ಊರು ನಾಲ್ಕು ದಿನ ಬರದಿದ್ದರೆ ಮೇಡಂ ವಿಚಾರಿಸುತ್ತಿದ್ದರು. "ಊರು ಎದ್ದ ಹೋಗೂದಿಲ್ರಿ," ಎಂದು ನನಗೆ ಹೇಳುತ್ತಿದ್ದರು. "ಹುಡುಗರು ಎದ್ದ ಹೋಗ್ತಾರ. ಯಾಕ ಹೋದಿ ಅಂತ ಯಾರರೆ ಒಬ್ಬರು ಕೇಳಬೇಕಲ್ಲ?"

ಯಾರೂ ಕೇಳುತ್ತಿರಲಿಲ್ಲ. ಕೇಳದಿರುವುದಕ್ಕೆ ನಮ್ಮ ಕಾಲೇಜಿನಲ್ಲಿ ಒಂದು ಉದಾತ್ತವಾದ ಪದ್ಧತಿಯೇ ಇತ್ತು.

ಪದ್ಧತಿ ಹೀಗೆ: ಫಲಿತಾಂಶ ಬಂದ ದಿನ ಬೋರ್ಡಿನ ಮೇಲೆ ಪಾಸಾದವರ ನಂಬರುಗಳನ್ನು ಮಾತ್ರ ಹಚ್ಚುವುದು. ನಾಪಾಸಾದವರ ನಂಬರು ಹಚ್ಚಿದರೆ ನಾಲ್ಕು ಜನರ ಮುಂದೆ ಅವರ ಮಾನ ಹೋಗುತ್ತದೆ ಎಂದು ನಮ್ಮ ಪ್ರಾಚಾರ್ಯರ ಕಳಕಳಿ. ಪ್ರಾಚಾರ್ಯರು ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಯಾರಾದರೂ ಎದುರು ನಿಲ್ಲುತ್ತಿದ್ದರು. ಮೃದು ಮಾತಿನ, ಗಂಧದ ಬೊಟ್ಟಿನ, ಇರುವೆಯನ್ನು ದಾಟಿ ನಡೆಯುವ ಮನುಷ್ಯ. ಬೋರ್ಡಿಗೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ಆಫೀಸಿನ ಗುಮಾಸ್ತರ ಬಳಿ. ಒಳಗಿನ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ. ಜ್ಞಾನವನ್ನು ಇಷ್ಟು ಭದ್ರವಾಗಿ ಕಾಪಾಡಿದ ಸಂಸ್ಥೆ ನಾಡಿನಲ್ಲಿ ಇನ್ನೊಂದಿರಲಿಕ್ಕಿಲ್ಲ.

ಈಗ ಕೇಳಿ. ಮೊದಲ ವರ್ಷದಲ್ಲಿ ಒಂದೆರಡು ವಿಷಯ ಹೋದರೂ ಎರಡನೇ ವರ್ಷಕ್ಕೆ ಕೂಡಬಹುದು, ಹೋದ ವಿಷಯ ಆಮೇಲೆ ಬರೆದುಕೊಳ್ಳಬಹುದು ಎಂದು ನಿಯಮವಿತ್ತು. ಪೇಟೆಯ ಹುಡುಗರಿಗೆ ಅದು ಗೊತ್ತಿತ್ತು. ಒಬ್ಬನ ಕಾಕಾ ಪ್ರೊಫೆಸರ್, ಇನ್ನೊಬ್ಬನ ಅಪ್ಪ ಪ್ರಾಚಾರ್ಯರಿಗೇ ಫೋನು ಹಚ್ಚುವವನು. ಎರಡು ವಿಷಯ ಹೋದ ಸದಾಶಿವನಗರದ ಹುಡುಗ ಸೋಮವಾರ ಹೊಸ ಗಾಡಿಯ ಮೇಲೆ ಬಂದು ಎರಡನೇ ವರ್ಷದ ಮುಂದಿನ ಬೆಂಚಿನಲ್ಲಿ ಕೂಡುತ್ತಿದ್ದ. ಒಂದೇ ವಿಷಯ ಹೋದ ಖಾನಾಪುರದ ಹುಡುಗ ಗಾಜಿನ ಮೇಲೆ ಬೆರಳಾಡಿಸಿ, ತನ್ನ ನಂಬರು ಕಾಣದೆ, ಎಲ್ಲ ಮುಗಿಯಿತು ಎಂದುಕೊಂಡು ಮಧ್ಯಾಹ್ನದ ಗಾಡಿ ಹಿಡಿಯುತ್ತಿದ್ದ. ಮತ್ತೆ ಬರುತ್ತಿರಲಿಲ್ಲ. ಅವನ ಮಾನವನ್ನು ನಾವು ಕಾಪಾಡಿದ್ದೆವು. ಅವನ ಓದನ್ನು ಕಾಪಾಡುವುದು ನಮ್ಮ ಪದ್ಧತಿಯಲ್ಲಿರಲಿಲ್ಲ.

ಎರಡನೇ ವರ್ಷದ ಹಿಂದಿನ ಬೆಂಚುಗಳು ವರ್ಷ ವರ್ಷ ಖಾಲಿಯಾಗತೊಡಗಿದಾಗ ಮೇಲಿನಿಂದ ವಿವರಣೆ ಕೇಳಿದರು. ನಾವು ತಕ್ಷಣ ಕಾರ್ಯಪ್ರವೃತ್ತರಾದೆವು, ಅಂದರೆ ಸಮಿತಿ ಮಾಡಿದೆವು. 'ವಿದ್ಯಾರ್ಥಿಗಳು ಅರ್ಧಕ್ಕೇ ಕಾಲೇಜು ಬಿಡುವ ಕಾರಣಗಳ ಶೋಧನಾ ಸಮಿತಿ.' ಪ್ರಾಚಾರ್ಯರು ಅಧ್ಯಕ್ಷರು. ಅಕ್ಷರ ದುಂಡಗಿದೆ ಎಂಬ ಒಂದೇ ಯೋಗ್ಯತೆಯ ಮೇಲೆ ನಾನು ಬರಹಗಾರ. ಚಹಾ ಮತ್ತು ಅವಲಕ್ಕಿ ಚೂಡಾದ ಸಮ್ಮುಖದಲ್ಲಿ ಮೊದಲ ಸಭೆಯಲ್ಲೇ ನಾವು ಬಡತನ, ಸಿನೆಮಾ, ಮಳೆ ಮತ್ತು ನೈತಿಕ ಶಿಕ್ಷಣದ ಅಭಾವ ಎಂಬ ಕಾರಣಗಳನ್ನು ಪತ್ತೆ ಮಾಡಿದೆವು. ಮೇಡಂ ಕೂಡ ಸಮಿತಿಯಲ್ಲಿದ್ದರು. ಕೊನೆಗೆ ಕೇಳಿದರು:

"ಸರ್, ಬಿಟ್ಟ ಹೋದವರನ್ನ ಯಾರನ್ನರೆ ಕೇಳೀರೇನ್ರಿ?"

ಪ್ರಾಚಾರ್ಯರು ಅನುಕಂಪದಿಂದ ನೋಡಿದರು. "ಬಿಟ್ಟವರು ಹೆಂಗ ಸಿಗಬೇಕ್ರಿ ಮೇಡಂ? ಅವರು ಬಿಟ್ಟ ಹೋಗಿರ್ತಾರಲ್ಲ."

ಕಟ್.

ಆ ವರ್ಷ ಎರಡನೇ ವರ್ಷದ ತರಗತಿ ಶುರುವಾದ ವಾರ. ಮೇಡಂ ಊರುಗಳನ್ನು ಕರೆಯುತ್ತ ಬಂದು "ಏ ಜಾಂಬೋಟಿ" ಎಂದರು. ಉತ್ತರವಿಲ್ಲ. ಜಾಂಬೋಟಿ ಎಂದರೆ ಖಾನಾಪುರ ದಾಟಿ ಕಾಡಿನಂಚಿನಿಂದ ಬರುತ್ತಿದ್ದ ಒಬ್ಬ ಹುಡುಗಿ. ಎಮ್ಮೆ ಕಾಯುವ ಮನೆತನ. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಕಾಲು ಅವಳದು. ಮೊದಲ ವರ್ಷ ಮೇಡಂ ಮಲಪ್ರಭೆಯ ಪಾಠ ಮಾಡುವಾಗ ಈ ಹುಡುಗಿ ಎದ್ದು, "ಆ ಹಳ್ಳ ಅಲ್ಲಿ ಕೂಡೂದಿಲ್ರಿ, ಇನ್ನೊಂದಿಷ್ಟ ಕೆಳಗ ಕೂಡತೈತ್ರಿ" ಎಂದಿದ್ದಳಂತೆ. ಮೇಡಂ ಸೀಮೆಸುಣ್ಣದ ಖಡು ಅವಳ ಕೈಗೇ ಕೊಟ್ಟರು. ಅವಳು ಬೋರ್ಡಿನ ತುಂಬ ಹಳ್ಳ, ತಿರುವು, ಎಮ್ಮೆ ದಾಟುವ ಜಾಗಗಳನ್ನೆಲ್ಲ ಬಿಡಿಸಿದಳು. ಆ ದಿನ ಲವಂಗ ಬಲದವಡೆಯಲ್ಲಿ ಸಂಜೆಯ ತನಕ ಇತ್ತು. "ಆಕಿ ನಕಾಶಿ ಕೈಲೆ ತಗ್ಯೂದಿಲ್ರಿ," ಎಂದರು ನನಗೆ. "ಕಾಲಿಲೆ ತಗೀತಾಳ."

"ಜಾಂಬೋಟಿ ಎಲ್ಲೈತಿ?" ಎಂದು ತರಗತಿಯನ್ನು ಕೇಳಿದರು.

"ಆಕಿ ನಾಪಾಸ್ರಿ ಮೇಡಂ," ಎಂದಿತು ನಂದಗಡ. "ಬಿಟ್ಟಾಳ. ಗೋವಾಕ್ಕ ಹೋಗ್ತಾಳಂತ್ರಿ, ಅತ್ತಿ ಮನಿಗೆ. ಅಲ್ಲಿ ಗೋಡಂಬಿ ಫ್ಯಾಕ್ಟರ್ಯಾಗ ಕೆಲಸ ಐತಂತ."

ಮೇಡಂ ಪುಸ್ತಕ ಮುಚ್ಚಿ ನೇರ ಆಫೀಸಿಗೆ ನಡೆದರು. ಸ್ಟಾಫ್ ರೂಮಿನ ಮುಂದೆ ಹಾದುಹೋಗುವಾಗ ನನ್ನನ್ನೂ ಕೈಸನ್ನೆಯಿಂದ ಎಬ್ಬಿಸಿದರು, ಸಾಕ್ಷಿಗೆ ಇರಲಿ ಎಂದು. ಗುಮಾಸ್ತರು ಅಂಕಗಳನ್ನು ತೆಗೆದು ಓದಿದರು. ಇಂಗ್ಲಿಷ್ ಒಂದೇ ಹೋಗಿತ್ತು. ಭೂಗೋಳದಲ್ಲಿ ಕಾಲೇಜಿಗೇ ಮೊದಲು.

"ರಿಜಲ್ಟ್ ಬಂದ ದಿನ ಈ ಹುಡುಗಿ ಇಲ್ಲಿ ಬಂದಿತ್ತೇನ್ರಿ?"

"ಬಂದಿರಬೇಕ್ರಿ. ನಂಬರ್ ಇಲ್ರಿ, ಮುಂದ ಹೆಂಗ್ರಿ ಅಂತ ಅವತ್ತ ಭಾಳ ಮಂದಿ ಬರತಾರ."

"ನೀವೇನಂದ್ರಿ?"

"ಹೇಳಿ ಕಳಸ್ತೀವಿ, ಹೋಗವಾ ಅಂದೆ."

"ಯಾರ ಕೈಲೆ ಹೇಳಿ ಕಳಿಸಿದ್ರಿ?"

ಗುಮಾಸ್ತರು ಪ್ರಾಮಾಣಿಕವಾಗಿ ಆಶ್ಚರ್ಯಪಟ್ಟರು. "ಯಾರ ಕೈಲೂ ಇಲ್ರಿ. ಅದು ಹಂಗ ಅನ್ನೂದ್ರಿ ಮೇಡಂ. ಮಂದಿ ಕೌಂಟರ್ ಬಿಟ್ಟ ಸರೀಬೇಕಲ್ಲ?"

ಲವಂಗ ಮುರಿಯುತ್ತದೆ ಎಂದು ಕಾದೆ. ಮುರಿಯಲಿಲ್ಲ. ಕೆಲವು ಸಿಟ್ಟುಗಳಿಗೆ ಲವಂಗ ಸಾಲುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ಎರಡನೇ ವರ್ಷದ ಪ್ರವೇಶಕ್ಕೆ ಸೋಮವಾರವೇ ಕಡೆಯ ದಿನ. ಅಂದು ಶನಿವಾರ.

ರವಿವಾರ ಬೆಳಿಗ್ಗೆ ನಾವಿಬ್ಬರೂ ಖಾನಾಪುರದ ಬಸ್ಸಿನಲ್ಲಿದ್ದೆವು. ನಾನ್ಯಾಕೆ ಎಂದು ಕೇಳಿದ್ದಕ್ಕೆ, "ಒಬ್ಬಾಕಿನ ಹೋದ್ರ ಹೆಣ್ಣ ಕೇಳಾಕ ಬಂದಾಳ ಅಂತಾರ. ಗಂಡಸೊಬ್ಬ ಇದ್ರ ಸರಕಾರದವರು ಅನ್ಕೋತಾರ" ಎಂದರು. ಖಾನಾಪುರದಲ್ಲಿ ಇಳಿದು, ಜಾಂಬೋಟಿಯ ಕಡೆ ಹೋಗುವ ಟೆಂಪೊ ಹತ್ತಿ, ಅದು ಬಿಟ್ಟಲ್ಲಿಂದ ಕೆಸರಿನಲ್ಲಿ ನಡೆದೆವು. ಮೇಡಂ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮುಂದೆ ಮುಂದೆ ನಡೆಯುತ್ತ, "ಇಲ್ಲಿಂದ ಆ ಹುಡುಗಿ ದಿನಾ ಬರತಿತ್ತು. ನಮಗ ಆಕಿಗೆ ಒಂದ ಮಾತ ಇಲ್ಲೀತನಕಾ ಮುಟ್ಟಸಾಕ ಆಗಲಿಲ್ಲ" ಎಂದರು. ಅದನ್ನು ನನಗೆ ಹೇಳಿದರೋ ಕೆಸರಿಗೆ ಹೇಳಿದರೋ ತಿಳಿಯಲಿಲ್ಲ.

ಹುಡುಗಿಯ ಅಪ್ಪ ಅಂಗಳದಲ್ಲೇ ಇದ್ದ. ತಲೆಗೆ ಕೆಂಪು ಪಟಗಾ, ಕೈಯಲ್ಲಿ ಹಾಲಿನ ಕ್ಯಾನು. ನಮ್ಮನ್ನು ನೋಡಿ ಗಾಬರಿಯೂ ಆಗಲಿಲ್ಲ, ಹಿಗ್ಗಲೂ ಇಲ್ಲ. "ಬರ್ರಿ ಬಾಯಾರ, ಕುಂದರ್ರಿ. ಸರ, ನೀವೂ ಬರ್ರಿ" ಎಂದು ಕಂಬಳಿ ಹಾಸಿದ. ಎಮ್ಮೆಯ ಹಾಲಿನ ಚಹಾ ಬಂತು, ಚಮಚ ನಿಲ್ಲಿಸಿದರೆ ನಿಲ್ಲುವಂಥದು. ಹುಡುಗಿ ಒಳಬಾಗಿಲಲ್ಲಿ ಬೆನ್ನು ಮಾತ್ರ ಕಾಣುವಂತೆ ನಿಂತಿದ್ದಳು.

"ಮನಿತನಕಾ ಬಂದ್ರಿ. ದೊಡ್ಡ ಮಾತಾತು," ಎಂದ ಅಪ್ಪ. "ನಮ್ಮ ಮ್ಯಾಲ ನಿಮಗೇನೂ ಸಿಟ್ಟ ಇಲ್ಲ ಅಂತ ತಿಳೀತು. ಅಷ್ಟ ಸಾಕ್ರಿ."

"ಸಿಟ್ಟ್ಯಾಕ ಇರತೈತಿ?"

"ಮತ್ತ, ನೀವು ಒಲ್ಲೆ ಅಂದ್ರಲ್ರಿ."

"ಯಾರಂದ್ರು?"

"ಕಾಲೇಜಿನವರು. ಹೇಳಿ ಕಳಸ್ತೀವಿ ಅಂದ್ರಂತ. ಹಾದಿ ನೋಡಿದ್ವಿ. ಖಾನಾಪುರಕ್ಕ ಹಾಲ ಹಾಕಾಕ ಹೋದಾಗೆಲ್ಲಾ ಕಾಲೇಜಿನ ಹುಡುಗರನ್ನ ಕೇಳಿದ್ನಿ, ಏನರೆ ಹೇಳಿ ಕಳಿಸ್ಯಾರೇನ ಅಂತ. ಇಲ್ಲ. ಬಾಯಾರ, ಹೆಣ್ಣ ನೋಡಾಕ ಬಂದವರು ಚಹಾ ಕುಡದು ಹೇಳಿ ಕಳಸ್ತೀವಿ ಅಂತ ಹೋಗ್ತಾರ. ತಿಂಗಳಾದ್ರೂ ಹೇಳಿ ಕಳಸೂದಿಲ್ಲ. ಅಂದ್ರ ಏನ್ರಿ? ಒಲ್ಲೆ ಅಂತ. ಮಾರಿ ಮ್ಯಾಲ ಒಲ್ಲೆ ಅನ್ನಬಾರದು ಅಂತ ಮರ್ಯಾದಿಲೆ ಹಂಗ ಅಂತಾರ. ನಮಗೂ ಅಂದಾರ, ನಾವೂ ಮಂದಿಗಿ ಅಂದೀವಿ. ಅದರ ಮ್ಯಾಲ ಹೋಗಿ ಯಾಕ ಒಲ್ಲಿರಿ ಅಂತ ಬಾಗಲಾ ಬಡಿಯಾಂವ ಮನಷ್ಯಾನ?"

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ನಮ್ಮ ಕಡೆ ಇದು ಎಲ್ಲರೂ ಬಲ್ಲ ರೀತಿ. ಹೆಣ್ಣು ನೋಡಿ ಬೇಡವಾದರೆ ಬೇಡ ಎನ್ನುವವರಿಲ್ಲ. ಹೇಳಿ ಕಳಿಸುತ್ತೇವೆ ಎಂದು ಎದ್ದು ಹೋಗುತ್ತಾರೆ, ಮೌನವೇ ಉತ್ತರ, ಆ ಉತ್ತರವನ್ನು ಎದುರು ಪ್ರಶ್ನಿಸುವುದು ಮರ್ಯಾದಸ್ಥರ ಲಕ್ಷಣವಲ್ಲ. ಇಲ್ಲಿ ಒಂದು ತಾಲ್ಲೂಕಿನ ಸಂಭಾವಿತ ಮನೆತನಗಳೆಲ್ಲ ನಮ್ಮ ಕಾಲೇಜನ್ನು ಸಭ್ಯ ಬೀಗರೆಂದು ಭಾವಿಸಿ, ನಮ್ಮ ಮೌನವನ್ನು ಗೌರವದಿಂದ ಅರ್ಥಮಾಡಿಕೊಂಡು, ತಮ್ಮ ಮಕ್ಕಳನ್ನು ಗೋವಾಕ್ಕೂ ಇಟ್ಟಂಗಿ ಭಟ್ಟಿಗೂ ಕಳಿಸುತ್ತಿದ್ದವು. ಬೀಗರಿಗೆ ಮಾತ್ರ ತಾವು ಹೆಣ್ಣು ನೋಡಿ ಬಂದದ್ದೇ ಗೊತ್ತಿರಲಿಲ್ಲ. ಅವರು ಚೂಡಾ ತಿನ್ನುತ್ತ ಕಾರಣಗಳ ಶೋಧನೆಯಲ್ಲಿದ್ದರು.

ಮೇಡಂ ತಮ್ಮ ಬಟ್ಟಲಿನ ಚಹಾ ಮುಗಿಸಿದರು. ಆಮೇಲೆ, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ ಅಂದರು:

"ನೀವು ತಿಳಕೊಂಡದ್ದು ತಪ್ಪಲ್ಲ. ನಮ್ಮ ಮನಿಗೂ ಭಾಳ ಮಂದಿ ಬಂದಿದ್ರು. ಚಹಾ ಕುಡದ್ರು, ಹೇಳಿ ಕಳಸ್ತೀವಿ ಅಂದ್ರು. ಇನ್ನೂ ಹಾದ್ಯಾಗ ಅದಾರ."

ಅಪ್ಪ ತಲೆ ತಗ್ಗಿಸಿದ. ಮೇಡಂ ದನಿ ಮತ್ತೆ ಮೊದಲಿನದಾಯಿತು.

"ಖರೇ ಹೇಳ್ತೀನಿ ಕೇಳ್ರಿ. ನಾ ಹೆಣ್ಣ ನೋಡಾಕ ಬಂದಿಲ್ಲ. ನೋಡಿ ಒಪ್ಪಿ ವರ್ಷಾತು. ಈಗ ಕರಕೊಂಡ ಹೋಗಾಕ ಬಂದೀನಿ. ನಾಪಾಸಾದ್ರೂ ಎರಡನೇ ವರ್ಷಕ್ಕ ಕುಂದರಾಕ ಬರತೈತಿ. ಒಂದ ವಿಷಯ ಹೋಗೇತಿ, ಅದನ್ನ ಆಮ್ಯಾಲ ಬರದ್ರಾತು."

ಆಗ ಒಳಬಾಗಿಲಿನ ಬೆನ್ನು ತಿರುಗಿತು.

"ಯಾವ ವಿಷಯ ಹೋಗೇತ್ರಿ ಮೇಡಂ?"

ಅವಳಿಗೆ ಅದೂ ಗೊತ್ತಿರಲಿಲ್ಲ. ಇಷ್ಟು ದಿನ ಎಲ್ಲದರಲ್ಲೂ ಹೋಗಿರಬೇಕು ಎಂದುಕೊಂಡು ಸೆಗಣಿ ಬಾಚುತ್ತಿದ್ದಳು.

"ಇಂಗ್ಲಿಷ್ ಒಂದ."

"ಬರೇ ಇಂಗ್ಲಿಷ್ ಒಂದ?"

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಅವಳ ಮುಖ ಕೆಂಪಾಯಿತು. "ಇಷ್ಟ ಹೇಳಾಕ ನಿಮಗ ಏನ್ ಆಗಿತ್ರಿ?" ಎಂದಳು. "ನಾ ಕೌಂಟರಿನ್ಯಾಗ ನಿಂತ ಕೇಳಿದ್ನಲ್ರಿ. ಬಾಯಿ ಇದ್ದಿದ್ದಿಲ್ಲೇನ್ರಿ ಅವರಿಗೆ?"

"ಏ! ದೊಡ್ಡವರ ಮುಂದ ಹಿಂಗೇನ ಮಾತಾಡೂದು?" ಎಂದು ಅಪ್ಪ ಗದರಿದ.

"ಮಾತಾಡಲಿ," ಎಂದರು ಮೇಡಂ. "ಈ ಮಾತ ಕೇಳಾಕ ನಾ ಬಸ್ ಹತ್ತಿ ಬಂದೀನಿ. ನೀ ಅವತ್ತ ಅಲ್ಲೇ ಹಿಂಗ ಮಾತಾಡಿದ್ರ ನನ್ನ ಚಪ್ಪಲಿ ಉಳೀತಿದ್ದು, ನೋಡ."

ಅಪ್ಪನ ಕಷ್ಟ ಇನ್ನೊಂದಿತ್ತು. ಬುಧವಾರ ಮಗಳನ್ನು ಕಳಿಸುತ್ತೇನೆ ಎಂದು ಗೋವಾದ ತಂಗಿಗೆ ಮಾತು ಕೊಟ್ಟಿದ್ದ. ಫ್ಯಾಕ್ಟರಿಯಲ್ಲಿ ಜಾಗ ಹಿಡಿದಿಟ್ಟಿದ್ದಾರೆ, ಈಗ ಒಲ್ಲೆ ಎಂದರೆ ಬಾಂಧವ್ಯ ಕೆಡುತ್ತದೆ. "ತಂಗಿಗೆ ಒಲ್ಲೆ ಅಂತ ಹೆಂಗ ಅನ್ನಲ್ರಿ?"

"ಅನ್ನಬ್ಯಾಡ್ರಿ," ಎಂದರು ಮೇಡಂ. "ಹೇಳಿ ಕಳಸ್ತೀನಿ ಅನ್ರಿ. ತಿಳಕೋತಾರ."

ಒಂದು ಗಳಿಗೆ ಆತ ಮೇಡಂ ಮುಖವನ್ನೇ ನೋಡಿದ. ಆಮೇಲೆ ಮೊಣಕಾಲಿಗೆ ಬಡಿದುಕೊಂಡು ನಕ್ಕ. ಹಟ್ಟಿಯಲ್ಲಿದ್ದ ಎಮ್ಮೆಗಳು ತಲೆ ಎತ್ತಿ ನೋಡುವಷ್ಟು ನಕ್ಕ. ಲವಂಗ ಬಲದವಡೆಗೆ ಸರಿಯಿತು.

"ನಾಳಿಗಿ ವಿಚಾರ ಮಾಡಿ—" ಎಂದು ಆತ ಕಣ್ಣೊರೆಸಿಕೊಳ್ಳುತ್ತ ಶುರುಮಾಡಿದಾಗ ಮೇಡಂ ಬೆರಳು ಎತ್ತಿದರು. "ಆ ಮಾತು ಇವತ್ತ ಬಂದ್. ಹೂಂ ಅನ್ರಿ, ಇಲ್ಲಾ ಉಹುಂ ಅನ್ರಿ. ಉಹುಂ ಅಂದ್ರ ಇನ್ನೊಂದ ಕಪ್ ಚಹಾ ಕುಡದು ಹೊಕ್ಕೀನಿ."

"ಹ್ಞೂಂ" ಎಂದ ಅಪ್ಪ. ಚಹಾ ಆದರೂ ಇನ್ನೊಂದು ಕಪ್ ಬಂತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅದು ನಮ್ಮ ಕಾಲೇಜಿನ ಶಕ್ತಿಯನ್ನು ಕಡಿಮೆ ಅಂದಾಜು ಮಾಡಿದಂತಾದೀತು. ಸೋಮವಾರ ಅಪ್ಪ ಮಗಳು ಬೆಳಗಿನ ಗಾಡಿಯಲ್ಲೇ ಬಂದು ಕೌಂಟರಿನ ಮುಂದೆ ನಿಂತರು. ಪ್ರವೇಶಕ್ಕೆ ಪ್ರಾಚಾರ್ಯರ ಸಹಿ ಬೇಕು. ಪ್ರಾಚಾರ್ಯರು ನಮ್ಮ ಶೋಧನಾ ಸಮಿತಿಯ ಕಡೆಯ ಸಭೆಯಲ್ಲಿದ್ದರು. ನಾನು ವರದಿಯನ್ನು ದುಂಡಗೆ ಬರೆಯುತ್ತ ಅಲ್ಲೇ ಇದ್ದೆ, ಅಪ್ಪ ಮಗಳು ಬಂದದ್ದೂ ನನಗೆ ಗೊತ್ತಿರಲಿಲ್ಲ. ಗುಮಾಸ್ತರು ತಮ್ಮ ಎಂದಿನ ಸೌಜನ್ಯದಿಂದ, "ಸಾಹೇಬ್ರು ಮೀಟಿಂಗಿನ್ಯಾಗ ಅದಾರ. ನೀವು ಹೋಗಿರ್ರಿ, ಹೇಳಿ ಕಳಸ್ತೀವಿ" ಎಂದರು.

ಮರ್ಯಾದಸ್ಥ ಮನುಷ್ಯ. ಮಗಳ ಕೈ ಹಿಡಿದು ಗೇಟಿನ ಕಡೆ ತಿರುಗಿದ.

ಪಾಠ ಮುಗಿಸಿ ಬರುತ್ತಿದ್ದ ಮೇಡಂಗೆ ಗೇಟಿನ ಆಚೆ ಕೆಂಪು ಪಟಗಾದ ಬೆನ್ನು ಕಂಡಿತು. ಐವತ್ತು ದಾಟಿದ ಆ ಹೆಂಗಸು ಸೀರೆ ಎತ್ತಿ ಹಿಡಿದು, "ಏ ಜಾಂಬೋಟೀ!" ಎಂದು ಕೂಗುತ್ತ ಕಾಲೇಜಿನ ಅಂಗಳದಲ್ಲಿ ಓಡಿದ್ದನ್ನು ನೋಡಿದವರು ಇಂದಿಗೂ ಹೇಳುತ್ತಾರೆ. ನಾನು ನೋಡಲಿಲ್ಲ. ನಾನು ಒಳಗೆ, ಪ್ರಾಚಾರ್ಯರು ಹೇಳಿದಂತೆ, 'ಪಾಲಕರಲ್ಲಿ ಶಿಕ್ಷಣದ ಬಗೆಗಿರುವ ನಿರಾಸಕ್ತಿ' ಎಂದು ಬರೆಯುತ್ತಿದ್ದೆ. 'ನಿರಾಸಕ್ತಿ'ಯ ಕೊನೆಯ ಅಕ್ಷರದ ಹೊತ್ತಿಗೆ ಬಾಗಿಲು ತೆರೆಯಿತು. ಮೇಡಂ ಏದುಸಿರು ಬಿಡುತ್ತ ಒಳಗೆ ಬಂದು, ಎರಡು ಕುರ್ಚಿ ಎಳೆದು, ಅಪ್ಪನನ್ನೂ ಮಗಳನ್ನೂ ಕೂರಿಸಿದರು.

"ಸರ್, ಬಿಟ್ಟವರು ಸಿಗೂದಿಲ್ಲ ಅಂದಿದ್ರಿ. ಸಿಕ್ಕಾರ. ಕೇಳ್ರಿ."

ಪ್ರಾಚಾರ್ಯರು, ಒಳ್ಳೆಯ ಮನುಷ್ಯ, ನಿಜವಾದ ಕಾಳಜಿಯಿಂದಲೇ ಕೇಳಿದರು. "ಯಾಕ್ರಿ ಯಜಮಾನ್ರ, ಹುಡುಗಿ ಕಾಲೇಜ್ ಯಾಕ ಬಿಡಿಸಿದ್ರಿ?"

"ನೀವು ಒಲ್ಲೆ ಅಂದ್ರಿ ಅಂತ ಸಾಹೇಬ್ರ."

"ಅಯ್ಯ! ನಾವ್ ಯಾವಾಗ ಅಂದ್ವಿ?"

"ಅನ್ನಲಿಲ್ರಿ. ಏನೂ ಅನ್ನಲಿಲ್ಲ. ಅದಕ್ಕ."

ಚೂಡಾ ಅಗಿಯುತ್ತಿದ್ದ ಬಾಯಿಗಳು ನಿಂತವು. ಪ್ರಾಚಾರ್ಯರು ಹುಡುಗಿಯ ಕಡೆ ತಿರುಗಿದರು. "ನೀನರೆ ನಿಯಮ ಓದಬೇಕಿತ್ತಲ್ಲವಾ. ಬೋರ್ಡಿನ್ಯಾಗ ಹಚ್ಚೀವಿ."

"ಬೋರ್ಡಿನ್ಯಾಗ ನನ್ನ ನಂಬರ ಇದ್ದಿದ್ದಿಲ್ರಿ ಸರ್," ಎಂದಳು ಹುಡುಗಿ. "ಮತ್ತ ಅಲ್ಲಿ ನಿಂತು ನಾ ಏನ್ ಓದಲಿ?"

"ನಿಮ್ಮ ಮಾನ ಹೋಗಬಾರದಂತ ಅಲ್ಲೇನವಾ ನಂಬರ್ ಹಚ್ಚದ ಇರೂದು—"

ಕಟ್. ಆ ಕೋಣೆಯಲ್ಲಿ ಅದು ಕೋಲು ಮುರಿದಂತೆ ಕೇಳಿಸಿತು.

"ಸರ್, ಇವರ ಮಾನ ನೀವು ಕಾಯಬ್ಯಾಡ್ರಿ," ಎಂದರು ಮೇಡಂ. "ಅದನ್ನ ಇವರು ಅಜ್ಜ ಮುತ್ಯಾರಿಂದ ಕಾಯ್ಕೊಂಡ ಬಂದಾರ, ನಮ್ಮಕಿಂತ ಛಲೋ ಕಾಯ್ತಾರ. ನೀವು ಬಾಯಿ ತಗೀರಿ. ಇದರಾಗ ಹೋಗೇತಿ, ಆದ್ರೂ ಮುಂದ ಕುಂದರಾಕ ಬರತೈತಿ, ಸೋಮವಾರ ಬಾ. ಇಷ್ಟ. ಕನ್ನಡದಾಗ ಹೇಳ್ರಿ, ಮರಾಠ್ಯಾಗ ಹೇಳ್ರಿ, ನಿಮಗ ಬಂದದ್ದರಾಗ ಹೇಳ್ರಿ. ಗಾಜಿನ ಹಿಂದ ಇಟ್ಟ ಕೀಲಿ ಹಾಕಬ್ಯಾಡ್ರಿ."

ಪ್ರಾಚಾರ್ಯರು ಸಹಿ ಮಾಡಿದರು. ಅಪ್ಪ ಕೈ ಮುಗಿದ. ಹುಡುಗಿ ಮುಗಿಯಲಿಲ್ಲ. ಮೇಡಂ ಅದನ್ನು ಗಮನಿಸಿ ಸಂತೋಷಪಟ್ಟರು ಎಂದು ನನ್ನ ಗುಮಾನಿ.

ವರದಿ ಅಚ್ಚಾಯಿತು. 'ನಿರಾಸಕ್ತಿ' ಅದರಲ್ಲಿ ಹಾಗೆಯೇ ಉಳಿಯಿತು. ಆಗಲೇ ದುಂಡಗೆ ಬರೆದಾಗಿದೆ, ಈಗ ಹೊಡೆದು ಹಾಕಿದರೆ ಚೆಂದ ಕಾಣುವುದಿಲ್ಲ ಎಂದು ಸಮಿತಿ ಅಭಿಪ್ರಾಯಪಟ್ಟಿತು. ಜೊತೆಗೆ ಒಂದು ಶಿಫಾರಸು ಸೇರಿತು, 'ವಿದ್ಯಾರ್ಥಿಗಳೊಡನೆ ಸಂವಹನವನ್ನು ಉತ್ತಮಗೊಳಿಸತಕ್ಕದ್ದು' ಎಂದು. ಅದರ ಪ್ರಕಾರ ಸಂವಹನ ಕುರಿತು ಒಂದು ಉಪನ್ಯಾಸ ಏರ್ಪಾಡಾಯಿತು, ಇಂಗ್ಲಿಷಿನಲ್ಲಿ. ಅದರ ಸೂಚನೆಯನ್ನು ಬೋರ್ಡಿನಲ್ಲಿ ಹಚ್ಚಿ, ಗಾಜಿನ ಬಾಗಿಲು ಹಾಕಿ, ಬೀಗ ಜಡಿದರು. ಉಪನ್ಯಾಸಕ್ಕೆ ಯಾರೂ ಬರಲಿಲ್ಲ. ವಿದ್ಯಾರ್ಥಿಗಳ ನಿರಾಸಕ್ತಿಗೆ ಇನ್ನೊಂದು ಪುರಾವೆ ಸಿಕ್ಕಿತು.

ಮೇಡಂ ಸಮಿತಿಗೆ ಕಾಯಲಿಲ್ಲ. ಮುಂದಿನ ವರ್ಷ ಫಲಿತಾಂಶದ ದಿನ ಸ್ಟಾಫ್ ರೂಮಿನಿಂದ ಒಂದು ಕುರ್ಚಿ ಹೊರಿಸಿಕೊಂಡು ಹೋಗಿ ಗೇಟಿನ ಬಳಿ ಹಾಕಿಸಿ, ಮಳೆಯಲ್ಲಿ ಛತ್ರಿ ಬಿಡಿಸಿ ಕುಳಿತರು. ತಲೆ ತಗ್ಗಿಸಿ ಹೊರಟ ಒಬ್ಬೊಬ್ಬರನ್ನೂ ನಿಲ್ಲಿಸಿ, "ಏ ಲೋಂಡಾ, ನಂಬರ್ ಇಲ್ಲೇನ? ಬಾ ಇಲ್ಲಿ. ಎಲ್ಲಿ ಹೊಂಟಿ? ಗಾಡಿ ಇನ್ನೂ ಬಂದಿಲ್ಲ" ಎಂದು ಹಿಡಿದು ಕೂರಿಸಿ, ಒಳಗೆ ನನ್ನನ್ನು ಓಡಿಸಿ ಯಾವ ವಿಷಯ ಹೋಗಿದೆ ಎಂದು ತರಿಸಿ ಹೇಳುತ್ತಿದ್ದರು. ಹೀಗೆ ಆ ದಿನಗಳಲ್ಲಿ ನಾನು ಗೇಟಿಗೂ ಆಫೀಸಿಗೂ ನಡುವೆ ಓಡಾಡಿ, ನನ್ನ ಸೇವಾವಧಿಯಲ್ಲೇ ಅತ್ಯಂತ ಉಪಯುಕ್ತವಾದ ಕೆಲಸ ಮಾಡಿದೆ. ಕಾಲೇಜಿನ ಘನತೆಗೆ ಕುಂದಾಗುವಂತೆ ಗೇಟಿನಲ್ಲಿ ಕುರ್ಚಿ ಹಾಕಿ ಕುಳಿತದ್ದಕ್ಕೆ ಆಡಳಿತ ಮಂಡಳಿ ಅವರಿಂದ ಸಮಜಾಯಿಷಿ ಕೇಳಿತು. ಕೇಳಲು ಬಂದ ಗುಮಾಸ್ತರಿಗೆ ಮೇಡಂ ಛತ್ರಿಯೊಳಗಿಂದಲೇ, "ಹೇಳಿ ಕಳಸ್ತೀನಿ ಅನ್ರಿ" ಎಂದರು. ನಿವೃತ್ತಿಯ ತನಕ ಹೇಳಿ ಕಳಿಸಲಿಲ್ಲ.

ಹಿಂದಿನ ಬೆಂಚುಗಳು ತುಂಬಿದವು. ಹಾಜರಿ ಹಿಡಿಯಲು ಹೊತ್ತಾಗುತ್ತದೆ ಎಂದು ಕೆಲವು ಸಹೋದ್ಯೋಗಿಗಳು ಬೇಸರಪಟ್ಟರು. ಜಾಂಬೋಟಿಯ ಹುಡುಗಿ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೋದಳು, ಆಮೇಲೆ ಪಾಸಾದಳು, ಪದವಿ ಮುಗಿಸಿ ಬಿ.ಎಡ್. ಮಾಡಿ ಖಾನಾಪುರದ ಹತ್ತಿರವೇ ಹೈಸ್ಕೂಲಿನಲ್ಲಿ ಶಿಕ್ಷಕಿಯಾದಳು. ನಾನು ಬೇರೆ ಊರಿನ ಕಾಲೇಜಿಗೆ ಹೋದೆ. ಅಲ್ಲಿಯೂ ಫಲಿತಾಂಶದ ದಿನ ಒಂದು ಕುರ್ಚಿ ಹೊರಿಸಿಕೊಂಡು ಗೇಟಿಗೆ ಹೋಗುತ್ತಿದ್ದೆ. ಇದನ್ನು ಯಾರ ಹತ್ತಿರ ಕಲಿತಿರಿ ಎಂದು ಕೇಳಿದವರಿಗೆ ಭೂಗೋಳ ವಿಭಾಗದಲ್ಲಿ ಎಂದು ಹೇಳುತ್ತಿದ್ದೆ. ಕನ್ನಡದ ಮೇಷ್ಟ್ರಿಗೆ ಭೂಗೋಳದ ಋಣ ಹೇಗೆ ಎಂದು ಅವರಿಗೆ ಅರ್ಥವಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಫೋನು ಬಂತು.

"ಸರ್, ನಾ ಜಾಂಬೋಟಿ ಮಾತಾಡೂದು."

ದನಿ ಕೇಳಿದ ಕೂಡಲೇ ಸುದ್ದಿ ಏನೆಂದು ತಿಳಿಯಿತು.

"ಮೇಡಂ ಹೋದ್ರು, ಸರ್. ಕಾಲೇಜಿನವರು ನಿಮಗ ಹೇಳ್ತಾರೋ ಇಲ್ಲೋ ಅಂತ ನಾನ ಹಚ್ಚೀನಿ. ನಮ್ಮ ಕಡಿಯವರಿಗೆಲ್ಲಾ ಹಚ್ಚೀನಿ. ಮಧ್ಯಾಹ್ನ ತಗೊಂಡ ಹೋಗ್ತಾರ. ಬರ್ರಿ."

ನಾನು ಸದಾಶಿವನಗರದ ಸ್ಮಶಾನ ಮುಟ್ಟುವ ಹೊತ್ತಿಗೆ ಅಲ್ಲಿ ಜಾಗವಿರಲಿಲ್ಲ. ತಲೆ ನರೆತ ಗಂಡಸರು, ಮಕ್ಕಳ ಕೈ ಹಿಡಿದ ಹೆಂಗಸರು. ಎಷ್ಟೋ ವರ್ಷಕ್ಕೆ ಕಂಡವರಿಗೆ ಹೆಸರು ನೆನಪಾಗುತ್ತಿರಲಿಲ್ಲ. "ನೀ ನಂದಗಡ ಅಲ್ಲೇನ?" "ಹೌದ್ರಿ. ನೀವು ಕಣಕುಂಬಿ?" ಎಂದು ಮೆಲ್ಲಗೆ ಕೇಳಿಕೊಳ್ಳುತ್ತಿದ್ದರು. ಚಿತೆಯ ಸುತ್ತ ಒಂದು ತಾಲ್ಲೂಕು ನಿಂತಿತ್ತು. ಕೆಂಪು ಪಟಗಾದ ಮುದುಕ ಮಗಳ ಹೆಗಲು ಹಿಡಿದು ಮುಂದೆ ಬಂದು ಕಟ್ಟಿಗೆ ಇಟ್ಟ. ಕಾಲೇಜಿನ ಕಡೆಯಿಂದ ಯಾರೂ ಕಾಣಲಿಲ್ಲ.

ಮುಂದೊಂದು ದಿನ ರವಿವಾರ ಪೇಟೆಯಲ್ಲಿ, ಅದೇ ಅಂಗಡಿಯ ಮುಂದೆ, ನಮ್ಮ ಹಳೆಯ ಪ್ರಾಚಾರ್ಯರು ಸಿಕ್ಕರು. ಬಹಳ ಮುಪ್ಪಾಗಿದ್ದರು, ಗಂಧದ ಬೊಟ್ಟು ಹಾಗೇ ಇತ್ತು. ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ.

"ಸದಾಶಿವನಗರದಾಗ, ನನ್ನ ಮನಿ ಬಾಜೂಕ ಆ ಹೆಣ್ಣಮಗಳನ್ನ ಸುಟ್ಟ ಬಂದ್ರಿ," ಎಂದರು. "ನಾ ಬರತಿದ್ದಿಲ್ಲೇನ್ರಿ? ನನಗ ಒಬ್ಬರೂ ಒಂದ ಮಾತ ಹೇಳಿ ಕಳಸಲಿಲ್ಲ. ಇದೇನ್ ರೀತಿ ಐತ್ರಿ?"

ನಾನು ಆಗಷ್ಟೇ ಮಾಲು ನೋಡಲೆಂದು ಒಂದು ಲವಂಗ ಬಾಯಿಗೆ ಹಾಕಿಕೊಂಡಿದ್ದೆ. ಅದು ಹಲ್ಲುಗಳ ನಡುವೆ ತಾನಾಗಿಯೇ ಬಂದು ಮುರಿಯಿತು.

"ಬೋರ್ಡಿನ್ಯಾಗ ಹಚ್ಚಿದ್ರಂತಲ್ರಿ, ಸರ್," ಎಂದೆ.